ಎನ್‌ಎಫ್‌ಎಲ್‌ಗೆ ತನ್ನದೇ ಕಿರಿಯರ ಲೀಗ್ ಬೇಕಾ, ಬೇಡ್ವಾ?

ಕೊಲಂಬಸ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ವಿಷಯ, ಇಲ್ಲಿ ಹಾಕ್ತಾ ಇದ್ದೇನೆ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಕಿರಿಯರ ಲೀಗ್, ಅಂದರೆ ತಂಡದಲ್ಲಿ ಜಾಗ ಸಿಗದ ಹುಡುಗರು ಆಡಿ ಕಲಿಯುವ ಕೆಳಹಂತದ ಲೀಗ್, ಬೇಕು ಅನ್ನೋದು.

ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ. ಅವನ ಕೋಚ್‌ಗಳಲ್ಲಿ ಒಬ್ಬರು ಎರಡು ವರ್ಷ ಒಂದು ಎನ್‌ಎಫ್‌ಎಲ್ ತಂಡದ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ, ಅಂದರೆ ಅಭ್ಯಾಸಕ್ಕೆಂದು ಇಟ್ಟುಕೊಳ್ಳುವ ಗುಂಪಿನಲ್ಲಿ, ಇದ್ದವರು. ಒಂದಿನ ಮೈದಾನದ ಪಕ್ಕ ನಿಂತು ಮಾತಾಡುವಾಗ ಕೈಯಲ್ಲಿದ್ದ ರಟ್ಟಿನ ಕಾರ್ಡ್ ತೋರಿಸಿದರು. ಅದರ ಮೇಲೆ ದಪ್ಪ ಪೆನ್ನಿನಲ್ಲಿ ಬರೆದ ಸೊನ್ನೆಗಳು, ಬಾಣಗಳು. ಶುಕ್ರವಾರ ಎದುರಾಗುವ ತಂಡ ಆಡುವ ಆಟದ ಚಿತ್ರ ಅದು. ಎರಡು ವರ್ಷ ತಾವು ಮಾಡಿದ್ದು ಇಷ್ಟೇ ಅಂದರು. ಕೋಚ್ ಕಾರ್ಡ್ ಎತ್ತಿ ಹಿಡಿಯುತ್ತಿದ್ದರಂತೆ, ಇವರು ಅದರಲ್ಲಿ ಇದ್ದ ಹಾಗೆ ಓಡುತ್ತಿದ್ದರಂತೆ. ಈ ವಾರ ಒಂದು ಎದುರಾಳಿ, ಮುಂದಿನ ವಾರ ಇನ್ನೊಂದು. ಸ್ವಂತ ತಂಡದ ಆಟವನ್ನು ಕಾಲಲ್ಲಿ ಕಲಿಯಲೇ ಇಲ್ಲ, ಪುಸ್ತಕದಲ್ಲಿ ಓದಿದ್ದಷ್ಟೇ ಅಂದರು.

ನಮ್ಮ ಕ್ರಿಕೆಟ್ ಭಾಷೆಯಲ್ಲಿ ಹೇಳಬೇಕು ಅಂದರೆ ನೆಟ್ ಬೌಲರ್. ದೊಡ್ಡವರಿಗೆ ಅಭ್ಯಾಸ ಆಗಲಿ ಅಂತ ಚೆಂಡು ಹಾಕುವವನು. ಅವನಿಗೆ ಮ್ಯಾಚ್ ಯಾರು ಕೊಡಬೇಕು?

ಆಗಸ್ಟ್ ಕೊನೆಯಲ್ಲಿ ಪ್ರತಿ ತಂಡವೂ 90 ಜನರನ್ನು 53ಕ್ಕೆ ಇಳಿಸುತ್ತದೆ. 32 ತಂಡ ಸೇರಿದರೆ ಒಂದೇ ದಿನದಲ್ಲಿ ಸುಮಾರು 1,180 ಜನ ಹೊರಗೆ. ಅದರಲ್ಲಿ ತಂಡಕ್ಕೆ 16ರಂತೆ ಸುಮಾರು 510 ಜನರಿಗೆ ಪ್ರಾಕ್ಟೀಸ್ ಸ್ಕ್ವಾಡ್ ಜಾಗ ಸಿಗುತ್ತದೆ. ಉಳಿದವರು ಮನೆಗೆ.

ಬೇಸ್‌ಬಾಲ್‌ಗೆ 120 ಕಿರಿಯ ತಂಡಗಳಿವೆ. ಐಸ್ ಹಾಕಿಯಲ್ಲಿ ಎಎಚ್‌ಎಲ್ ಇದೆ, ಬಾಸ್ಕೆಟ್‌ಬಾಲ್‌ನಲ್ಲಿ ಜಿ ಲೀಗ್ ಇದೆ. ಎಲ್ಲರಿಗಿಂತ ಶ್ರೀಮಂತ ಲೀಗ್‌ಗೆ ಮಾತ್ರ ಏನೂ ಇಲ್ಲ. ಈಗ 2026ಕ್ಕೆ ನಮ್ಮೂರಿಗೆ ಯುಎಫ್‌ಎಲ್ ಅನ್ನುವ ಖಾಸಗಿ ಲೀಗ್‌ನ ಏವಿಯೇಟರ್ಸ್ ತಂಡ ಕೊಟ್ಟಿದ್ದಾರೆ. ಖುಷಿಯೇ. ಆದರೆ ಅದು ಎನ್‌ಎಫ್‌ಎಲ್‌ನ ಲೀಗ್ ಅಲ್ಲ. ಎನ್‌ಎಫ್‌ಎಲ್ ತಾನೇ ದುಡ್ಡು ಹಾಕಿ ಒಂದು ನಡೆಸಬೇಕು ಅನ್ನೋದು ನನ್ನ ವಾದ. ನೀವೇನಂತೀರಿ?

ಹಾಸನದ_ಹೈದ:
ಅಣ್ಣಾ, ನಾನು ಎರಡು ವರ್ಷದಿಂದ ಮಾತ್ರ ನೋಡ್ತಿರೋದು. ಒಂದು ಅನುಮಾನ. ಕಾಲೇಜು ಫುಟ್‌ಬಾಲ್ ಇದೆಯಲ್ಲ, ಅದೇ ಇವರ ರಣಜಿ ಅಲ್ವಾ?

ರಾತ್ರಿಪಾಳಿ_ಬೆಂಗಳೂರು:
ಅದೇ. ಪ್ರಶ್ನೆಗೆ ಉತ್ತರ ಅಲ್ಲೇ ಮುಗಿಯಿತು. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಆಟಗಾರರನ್ನು ಹುಡುಕೋದು, ಬೆಳೆಸೋದು, ಟಿವಿಯಲ್ಲಿ ಹೆಸರು ಮಾಡಿಸೋದು ಎಲ್ಲವನ್ನೂ ಕಾಲೇಜುಗಳೇ ಮಾಡಿಕೊಡುತ್ತವೆ. ಎನ್‌ಎಫ್‌ಎಲ್ ಒಂದು ಪೈಸೆ ಕೊಡಬೇಕಿಲ್ಲ. ಹಾಲು ಮನೆ ಬಾಗಿಲಿಗೆ ಬರುವಾಗ ಹಸು ಯಾರು ಕಟ್ಟುತ್ತಾರೆ?

ಕೊಲಂಬಸ್_ಕನ್ನಡಿಗ:
ಹಾಸನದ ತಮ್ಮ, ಒಂದು ದೊಡ್ಡ ವ್ಯತ್ಯಾಸ ಇದೆ. ರಣಜಿ ಆಡುವವನು ಭಾರತ ತಂಡದಿಂದ ಹೊರಬಿದ್ದರೆ ಮತ್ತೆ ರಣಜಿಗೆ ಹೋಗಿ ರನ್ ಹೊಡೆದು ವಾಪಸ್ ಬರಬಹುದು. ಕಾಲೇಜು ಒಮ್ಮೆ ಮುಗಿದರೆ ಮುಗಿಯಿತು, ಹಿಂದೆ ಹೋಗುವ ಹಾಗಿಲ್ಲ. 23 ವರ್ಷದ ಹುಡುಗನಿಗೆ ಎನ್‌ಎಫ್‌ಎಲ್‌ನ ಒಳಗೆ ಜಾಗ ಇಲ್ಲ, ಹೊರಗೂ ಜಾಗ ಇಲ್ಲ. ನಾನು ಹೇಳ್ತಿರೋದು ಆ ಹುಡುಗನ ಬಗ್ಗೆ.

ಲೆಕ್ಕದ_ಮೇಷ್ಟ್ರು:
ಎನ್‌ಎಫ್‌ಎಲ್ ಇದನ್ನು ಮಾಡಿ ನೋಡಿಯಾಗಿದೆ, ಮರೆಯಬೇಡಿ. 1991ರಲ್ಲಿ ವರ್ಲ್ಡ್ ಲೀಗ್ ಶುರುವಾಯಿತು. ಅಮೆರಿಕದ ತಂಡಗಳ ಜೊತೆ ಲಂಡನ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್ ತಂಡಗಳಿದ್ದವು. 1992ರ ನಂತರ ನಿಂತಿತು. 1995ರಲ್ಲಿ ಆರು ತಂಡಗಳೊಂದಿಗೆ ಪೂರ್ತಿ ಯುರೋಪಿನಲ್ಲೇ ಮತ್ತೆ ಶುರು. 1998ರಿಂದ ಎನ್‌ಎಫ್‌ಎಲ್ ಯುರೋಪ್ ಅಂತ ಹೆಸರು. 2007ರ ಜೂನ್‌ನಲ್ಲಿ ಬಾಗಿಲು ಹಾಕಿದರು. ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ನಷ್ಟ ಅಂತ ಆಗ ಪತ್ರಿಕೆಗಳು ಬರೆದಿದ್ದವು.

ಫ್ರಾಂಕ್‌ಫರ್ಟ್_ನಿವಾಸಿ:
ಕೊನೆಯ ಪಂದ್ಯಕ್ಕೆ ನಾನು ಹೋಗಿದ್ದೆ! 2007ರ ಜೂನ್ 23, ಇಲ್ಲೇ ಫ್ರಾಂಕ್‌ಫರ್ಟ್‌ನಲ್ಲಿ. ಆಗ ನಾನು ಇಲ್ಲಿಗೆ ಓದಲು ಬಂದು ಒಂದು ವರ್ಷ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ, ರೂಮ್‌ಮೇಟ್ ಎಳೆದುಕೊಂಡು ಹೋದ. ಟ್ರಾಮ್ ತುಂಬಾ ನಮ್ಮ ಫ್ರಾಂಕ್‌ಫರ್ಟ್ ಗ್ಯಾಲಕ್ಸಿ ತಂಡದ ನೇರಳೆ ಬಣ್ಣದ ಜೆರ್ಸಿ. ಸ್ಟೇಡಿಯಂ ಹೊರಗೆ ಮಧ್ಯಾಹ್ನದಿಂದಲೇ ಜಾತ್ರೆ, ಮಕ್ಕಳು ಮರಿ ಎಲ್ಲರೂ. 48 ಸಾವಿರ ಜನ ಸೇರಿದ್ದರು. ಹ್ಯಾಂಬರ್ಗ್ 37-28ರಲ್ಲಿ ಗೆದ್ದಿತು, ನಮ್ಮವರು ಸೋತರು. ಇನ್ನೊಂದು ವಾರದಲ್ಲಿ ಲೀಗೇ ಇಲ್ಲ ಅಂತ ಸುದ್ದಿ ಬಂತು. ರೂಮ್‌ಮೇಟ್ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಜನ ಬರಲಿಲ್ಲ ಅಂತ ಮುಚ್ಚಿದರು ಅನ್ನುವ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಜರ್ಮನಿಯಲ್ಲಿ ಜನ ಬರುತ್ತಿದ್ದರು. ಕೊನೆಯ ವರ್ಷ ಆರರಲ್ಲಿ ಐದು ತಂಡ ಇಲ್ಲಿಯವೇ. ಅದೇ ಎನ್‌ಎಫ್‌ಎಲ್ 2022ರಲ್ಲಿ ಮ್ಯೂನಿಕ್‌ಗೆ, 2023ರಲ್ಲಿ ಫ್ರಾಂಕ್‌ಫರ್ಟ್‌ಗೆ, 2025ರಲ್ಲಿ ಬರ್ಲಿನ್‌ಗೆ ನಿಜವಾದ ಪಂದ್ಯಗಳನ್ನೇ ತಂದಿತು. ಆ ಅಭಿಮಾನಿಗಳು ಎಲ್ಲಿಂದ ಬಂದರು?

ಹುಬ್ಬಳ್ಳಿ_ಮಂದಿ:
ಖರೇ ಹೇಳಿದಿರಿ. ಬಿತ್ತಿದ್ದು ಅವರೇ, ಬೆಳೆ ಬರೋ ಮೊದಲೇ ಹೊಲ ಬಿಟ್ಟು ಹೋದರು.

ರಾತ್ರಿಪಾಳಿ_ಬೆಂಗಳೂರು:
ಅಭಿಮಾನಿಗಳು ಸರಿ. ಆಟಗಾರರು? ಅಷ್ಟು ವರ್ಷ ನಡೆಸಿ ಬಂದದ್ದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಕರ್ಟ್ ವಾರ್ನರ್ ಒಬ್ಬರೇ. ಅವರೂ ಕಿರಾಣಿ ಅಂಗಡಿಯಿಂದ ನೇರ ಎನ್‌ಎಫ್‌ಎಲ್‌ಗೆ ಬಂದವರು ಅಂತ ಎಲ್ಲರಿಗೂ ಗೊತ್ತು.

ಡಲ್ಲಾಸ್_ದಾವಣಗೆರೆ:
ತಡೀರಿ ತಡೀರಿ. ನೇರ ಅಲ್ಲವೇ ಅಲ್ಲ. 1994ರಲ್ಲಿ ವಾರ್ನರ್ ಅವರನ್ನು ಗ್ರೀನ್ ಬೇ ತಂಡ ಶಿಬಿರದಿಂದ ಕೈಬಿಟ್ಟಿತು. ಆಮೇಲೆ ಅಯೋವಾದ ಅಂಗಡಿಯಲ್ಲಿ ರಾತ್ರಿ ಹೊತ್ತು ಗಂಟೆಗೆ 5.50 ಡಾಲರ್‌ಗೆ ಕಪಾಟುಗಳಿಗೆ ಸಾಮಾನು ಜೋಡಿಸಿದರು. 1995ರಿಂದ 1997ರವರೆಗೆ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡದಲ್ಲಿ ಒಳಾಂಗಣದ ಅರೀನಾ ಫುಟ್‌ಬಾಲ್. 1998ರಲ್ಲಿ ರ್‍ಯಾಮ್ಸ್ ಅವರನ್ನು ಯುರೋಪ್ ಲೀಗ್‌ನ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಕಳಿಸಿತು. ಅಲ್ಲಿ ಎಸೆತದಲ್ಲಿ ಇಡೀ ಲೀಗ್‌ಗೇ ಜಾಸ್ತಿ ಯಾರ್ಡ್, ಜಾಸ್ತಿ ಟಚ್‌ಡೌನ್ (ಆರು ಅಂಕದ ಗಳಿಕೆ). 1999ರಲ್ಲಿ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮಂಡಿಗೆ ಪೆಟ್ಟಾದಾಗ ಜಾಗ ಸಿಕ್ಕಿತು. 41 ಟಚ್‌ಡೌನ್, ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ (ಎಂವಿಪಿ), ಕೊನೆಗೆ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆಲುವು. ಅಂಗಡಿಗೂ ಸೂಪರ್ ಬೌಲ್‌ಗೂ ನಡುವೆ ಎಷ್ಟು ಪಂದ್ಯ ಆಡಿದ್ದಾರೆ ನೋಡಿ. ಆ ಪಂದ್ಯಗಳು ಇಲ್ಲದಿದ್ದರೆ ಆ ಕಥೆಯೇ ಇಲ್ಲ.

ಒಬ್ಬರೇ ಅನ್ನೋದೂ ತಪ್ಪು. ಜೇಕ್ ಡೆಲೋಮ್ ಅದೇ ಆಮ್‌ಸ್ಟರ್‌ಡ್ಯಾಮ್ ತಂಡದಲ್ಲಿ ವಾರ್ನರ್ ಹಿಂದೆ ಕೂತಿದ್ದವರು, ಮುಂದೆ ಎನ್‌ಎಫ್‌ಎಲ್‌ನ ಕ್ಯಾರೊಲಿನಾ ಪ್ಯಾಂಥರ್ಸ್‌ನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದರು. ಬ್ರಾಡ್ ಜಾನ್ಸನ್ ಲಂಡನ್ ಮೊನಾರ್ಕ್ಸ್‌ಗೆ ಆಡಿ ಆಮೇಲೆ ಟ್ಯಾಂಪಾ ಬೇ ಜೊತೆ ಸೂಪರ್ ಬೌಲ್ ಗೆದ್ದರು. ಆಡಮ್ ವಿನಾಟಿಯೇರಿ ಆಡಿದ್ದು ಆಮ್‌ಸ್ಟರ್‌ಡ್ಯಾಮ್‌ಗೆ. ಜೇಮ್ಸ್ ಹ್ಯಾರಿಸನ್ ರೈನ್ ಫೈರ್. ಬ್ರಯನ್ ವಾಟರ್ಸ್ ಬರ್ಲಿನ್ ಥಂಡರ್.

ಮಲೆನಾಡ್_ಮಿಶಿಗನ್:
ಹಳೆಯ ಹೆಸರುಗಳು ಸಾಕು, ಹೊಸದು ಹೇಳ್ತೀನಿ ಕೇಳಿ. 2024ರ ಮಾರ್ಚ್ 30, ಯುಎಫ್‌ಎಲ್‌ನ ಮೊದಲ ದಿನ, ಡೆಟ್ರಾಯ್ಟ್‌ನ ಫೋರ್ಡ್ ಫೀಲ್ಡ್. ನಾನು, ನನ್ನ ಹೆಂಡತಿ, ಅತ್ತೆ ಮಾವ. ಅವರು ತೀರ್ಥಹಳ್ಳಿಯಿಂದ ಬಂದು ಒಂದು ವಾರ ಆಗಿತ್ತು. ಸುಮ್ನೆ ಸ್ಟೇಡಿಯಂ ತೋರಿಸೋಣ ಅಂತ ಕರೆದುಕೊಂಡು ಹೋಗಿದ್ದೆ. ಮೇಲಿನ ಸ್ಟ್ಯಾಂಡ್ ಪೂರ್ತಿ ಖಾಲಿ. ಮೈದಾನದಲ್ಲಿ ಕೂಗಿದ್ದು ನಮ್ಮವರೆಗೂ ಕೇಳಿಸುತ್ತಿತ್ತು.

ಸೇಂಟ್ ಲೂಯಿಸ್ 16, ನಮ್ಮ ಮಿಶಿಗನ್ ಪ್ಯಾಂಥರ್ಸ್ 15. ಮೂರು ಸೆಕೆಂಡ್ ಬಾಕಿ. 64 ಯಾರ್ಡ್ ದೂರದಿಂದ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದರೆ ಮೂರು ಅಂಕ) ಒದೆಯಲು ಜೇಕ್ ಬೇಟ್ಸ್ ಬಂದರು. ಒದ್ದರು, ಚೆಂಡು ಒಳಗೆ ಹೋಯಿತು. ನಾವೆಲ್ಲ ಎದ್ದು ಕುಣಿದೆವು. ನೋಡಿದರೆ ಎದುರಾಳಿ ಅದಕ್ಕೆ ಮೊದಲೇ ಟೈಮ್‌ಔಟ್ ಕೇಳಿದ್ದಾರೆ, ಲೆಕ್ಕಕ್ಕಿಲ್ಲ. ಮತ್ತೆ ಒದೆಯಬೇಕು. ಮಾವ ನನ್ನ ತೋಳು ಹಿಡಿದುಕೊಂಡಿದ್ದರು, ಉಗುರು ಗುರುತು ಮೂಡಿತ್ತು. ಎರಡನೇ ಸಲವೂ ಒಳಗೆ! 18-16.

ಕಾಲೇಜಿನಲ್ಲಿ ಅವರು ಒಂದೇ ಒಂದು ಫೀಲ್ಡ್ ಗೋಲ್ ಒದ್ದಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಇಟ್ಟಿಗೆ ಮಾರುವ ಕೆಲಸ ಮಾಡುತ್ತಿದ್ದರು. ಅದೇ ವರ್ಷ ಡೆಟ್ರಾಯ್ಟ್‌ನ ಎನ್‌ಎಫ್‌ಎಲ್ ತಂಡ ಲಯನ್ಸ್ ತೆಗೆದುಕೊಂಡಿತು. ನವೆಂಬರ್‌ನಲ್ಲಿ ಅದೇ ಹ್ಯೂಸ್ಟನ್‌ಗೆ ಹೋಗಿ ಕೊನೆಯ ಗಳಿಗೆಯಲ್ಲಿ 52 ಯಾರ್ಡ್ ಒದ್ದು 26-23ರಲ್ಲಿ ಗೆಲ್ಲಿಸಿದರು. ಮಾವ ಆಗ ಊರಿಗೆ ವಾಪಸ್ ಹೋಗಿದ್ದರು. ಮರುದಿನ ಫೋನ್ ಮಾಡಿ ಮೊದಲು ಕೇಳಿದ್ದೇ ಅದನ್ನು, ನಮ್ಮ ಇಟ್ಟಿಗೆ ಹುಡುಗ ಗೆಲ್ಲಿಸಿದನಂತೆ ಹೌದಾ ಅಂತ.

ಹಾಸನದ_ಹೈದ:
ಮೈ ಜುಂ ಅಂತು. ವಿಡಿಯೋ ಹುಡುಕ್ತೀನಿ.

ಡಲ್ಲಾಸ್_ದಾವಣಗೆರೆ:
ನಮ್ಮ ಬ್ರ್ಯಾಂಡನ್ ಆಬ್ರಿಯನ್ನೂ ಸೇರಿಸಿ. ಸಾಕರ್ ಆಟಗಾರ, 2017ರಲ್ಲಿ ಟೊರಾಂಟೊ ಎಫ್‌ಸಿ ಆರಿಸಿಕೊಂಡಿತ್ತು. ಅದು ಕೈಕೊಟ್ಟ ಮೇಲೆ ಸಾಫ್ಟ್‌ವೇರ್ ಕೆಲಸ. ಟಿವಿಯಲ್ಲಿ ಆಟ ನೋಡುವಾಗ ಹೆಂಡತಿ ಇದು ನಿಮ್ಮಿಂದಲೂ ಆಗುತ್ತದೆ ಅಂದರಂತೆ. ಯುಎಸ್‌ಎಫ್‌ಎಲ್ ಅನ್ನುವ ಇನ್ನೊಂದು ಖಾಸಗಿ ಲೀಗ್‌ನ ಬರ್ಮಿಂಗ್‌ಹ್ಯಾಮ್ ಸ್ಟಾಲಿಯನ್ಸ್‌ಗೆ 2022, 2023ರಲ್ಲಿ ಆಡಿ, 28ನೇ ವಯಸ್ಸಿನಲ್ಲಿ ಡಲ್ಲಾಸ್ ಕೌಬಾಯ್ಸ್‌ಗೆ ಬಂದರು. ಬಂದ ಮೇಲೆ ಮೊದಲ 35 ಫೀಲ್ಡ್ ಗೋಲ್ ಒದೆತದಲ್ಲಿ ಒಂದೂ ತಪ್ಪಲಿಲ್ಲ. ಸಾಫ್ಟ್‌ವೇರ್‌ನವರು ಇಲ್ಲಿ ತುಂಬಾ ಜನ ಇದ್ದೀರಿ, ನೋಡಿಕೊಳ್ಳಿ. ಕವಾಂಟೆ ಟರ್ಪಿನ್ ಕೂಡ ಯುಎಸ್‌ಎಫ್‌ಎಲ್‌ನಿಂದಲೇ ಬಂದದ್ದು, ಕಿಕ್ ಹಿಡಿದು ಓಡುವುದರಲ್ಲಿ ಎತ್ತಿದ ಕೈ.

ರಾತ್ರಿಪಾಳಿ_ಬೆಂಗಳೂರು:
ನಿಮ್ಮ ಉದಾಹರಣೆಗಳನ್ನು ನೀವೇ ಒಮ್ಮೆ ಓದಿ. ಬೇಟ್ಸ್ ಕಿಕ್ಕರ್. ಆಬ್ರಿ ಕಿಕ್ಕರ್. ಟರ್ಪಿನ್ ಕಿಕ್ ಹಿಡಿಯುವವರು. ಕಿಕ್ಕರ್ ಬೆಳೆಯಲು ಲೀಗ್ ಬೇಕಿಲ್ಲ, ಒಂದು ಖಾಲಿ ಮೈದಾನ, ಎರಡು ಕಂಬ ಸಾಕು. ಕ್ವಾರ್ಟರ್‌ಬ್ಯಾಕ್ ತೋರಿಸಿ. ಮುಂದಿನ ಸಾಲಿನಲ್ಲಿ ತಡೆಯುವ ಲೈನ್‌ಮನ್ ತೋರಿಸಿ.

ಕೊಲಂಬಸ್_ಕನ್ನಡಿಗ:
ಒಳ್ಳೆಯ ಪೆಟ್ಟು. ಒಪ್ಪಿಕೊಂಡೇ ಉತ್ತರ ಕೊಡುತ್ತೇನೆ. ರಾತ್ರಿ ಮಲಗಿದ ಮೇಲೂ ಇದನ್ನೇ ಯೋಚಿಸಿದೆ.

ದಾವಣಗೆರೆಯವರು ಕೊಟ್ಟ ಎರಡು ಪಟ್ಟಿ ಪಕ್ಕ ಪಕ್ಕ ಇಡಿ. ಈಗಿನ ಹೊರಗಿನ ಲೀಗ್‌ಗಳಿಂದ ಹೆಸರು ಮಾಡಿದವರಲ್ಲಿ ಮೊದಲು ನೆನಪಾಗುವುದು ಕಿಕ್ಕರ್‌ಗಳು, ಓಡುವವರು. ಎನ್‌ಎಫ್‌ಎಲ್ ತಾನೇ ನಡೆಸಿದ ಯುರೋಪ್ ಲೀಗ್‌ನಿಂದ ಬಂದವರು? ವಾರ್ನರ್, ಡೆಲೋಮ್, ಜಾನ್ಸನ್ ಮೂವರೂ ಕ್ವಾರ್ಟರ್‌ಬ್ಯಾಕ್. ಹ್ಯಾರಿಸನ್ 2008ರ ಅತ್ಯುತ್ತಮ ಡಿಫೆಂಡರ್. ವಾಟರ್ಸ್ ಕಾಲೇಜಿನಲ್ಲಿ ಟೈಟ್ ಎಂಡ್ (ಎಸೆತ ಹಿಡಿಯುವ ಜಾಗ) ಆಗಿದ್ದವರು, ಮುಂದೆ ಚೀಫ್ಸ್ ತಂಡದಲ್ಲಿ ಗಾರ್ಡ್ (ತಡೆಯುವ ಲೈನ್‌ಮನ್) ಆಗಿ ವರ್ಷಗಟ್ಟಲೆ ಆಯ್ದ ಆಟಗಾರರ ಪ್ರೊ ಬೌಲ್ ಆಡಿದರು. ಜಾಗ ಬದಲಾಯಿಸಿದ ಆಟಗಾರನಿಗೆ ಬೇಕಾದದ್ದು ಪಂದ್ಯ, ಅದು ಬರ್ಲಿನ್‌ನಲ್ಲಿ ಸಿಕ್ಕಿತು.

ಯಾಕೆ ಹೀಗೆ? ಕಿಕ್ಕರ್ ಒಬ್ಬನೇ ಕಲಿಯಬಹುದು, ನೀವೇ ಹೇಳಿದಿರಿ. ಕ್ವಾರ್ಟರ್‌ಬ್ಯಾಕ್ ಮತ್ತು ಲೈನ್‌ಮನ್ ಒಬ್ಬರೇ ಕಲಿಯಲು ಆಗುವುದಿಲ್ಲ. ಪಕ್ಕದವನು ಎಲ್ಲಿಗೆ ಕಾಲು ಇಡುತ್ತಾನೆ ಅಂತ ಗೊತ್ತಿರಬೇಕು. ಅದಕ್ಕೆ ಒಂದು ತಂಡದವರು ಕೂತು, ಈ ಹುಡುಗ ಎರಡು ವರ್ಷದಲ್ಲಿ ನಮಗೆ ಬೇಕು, ಅವನನ್ನು ಕಳಿಸೋಣ, ಆಡಿಸೋಣ ಅಂತ ಯೋಚನೆ ಮಾಡಬೇಕು. ವಾರ್ನರ್‌ನ್ನು ರ್‍ಯಾಮ್ಸ್ ಕಳಿಸಿತ್ತು, ಅವರಾಗಿ ಹೋಗಲಿಲ್ಲ. ಹೋಗಿ ಬಂದ ಹುಡುಗರಿಗಾಗಿ ತಂಡಗಳಿಗೆ ಶಿಬಿರದಲ್ಲಿ ಹೆಚ್ಚುವರಿ ಜಾಗವೂ ಸಿಗುತ್ತಿತ್ತು. ಆ ಕೊಂಡಿ ಈಗ ಇಲ್ಲ.

ರಾತ್ರಿಪಾಳಿ_ಬೆಂಗಳೂರು:
ಹ್ಮ್. ಇದನ್ನು ಈ ದೃಷ್ಟಿಯಲ್ಲಿ ನೋಡಿರಲಿಲ್ಲ. ಆದರೂ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ನೋಡಿ. ಕಾಲೇಜಿನಲ್ಲೇ 61 ಪಂದ್ಯ ಶುರುವಿನಿಂದ ಆಡಿ ಬಂದರು. ಜೇಡನ್ ಡೇನಿಯಲ್ಸ್ 55. ಈಗ ಕಾಲೇಜುಗಳೇ ಹುಡುಗರಿಗೆ ದುಡ್ಡು ಕೊಡುತ್ತವೆ. 2025ರ ಕೋರ್ಟ್ ಒಪ್ಪಂದದ ಪ್ರಕಾರ ಮೊದಲ ವರ್ಷವೇ ಒಂದು ಕಾಲೇಜು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದಿತ್ತು. ಬೇಗ ಬಿಟ್ಟು ಹೋಗುವ ಆತುರ ಯಾರಿಗಿದೆ? ಹುಡುಗರು ಪಕ್ವವಾಗಿಯೇ ಬರುತ್ತಾರೆ.

ಬೇಸ್‌ಬಾಲ್ ಕೂಡ 2021ರಲ್ಲಿ 160ರಷ್ಟಿದ್ದ ಕಿರಿಯ ತಂಡಗಳನ್ನು 120ಕ್ಕೆ ಇಳಿಸಿತು. ಇರುವವರೇ ಕಡಿಮೆ ಮಾಡುತ್ತಿರುವಾಗ ಹೊಸದಾಗಿ ಯಾಕೆ ಕಟ್ಟಬೇಕು?

ಕೊಲಂಬಸ್_ಕನ್ನಡಿಗ:
ನಿಕ್ಸ್, ಡೇನಿಯಲ್ಸ್ ಎನ್‌ಎಫ್‌ಎಲ್ ತಂಡಗಳು ಕಾಲೇಜು ಹುಡುಗರನ್ನು ಆರಿಸುವಾಗ ಮೊದಲ ಸುತ್ತಿನಲ್ಲೇ ಆಯ್ಕೆಯಾದವರು. ಅವರಿಗೆ ಕಿರಿಯರ ಲೀಗ್ ಬೇಕು ಅಂತ ನಾನು ಎಲ್ಲಿ ಹೇಳಿದೆ? ಅವರಿಗೆ ಪೆಟ್ಟಾದ ದಿನ ಮೈದಾನಕ್ಕೆ ಇಳಿಯುವ ಮೂರನೇ ಕ್ವಾರ್ಟರ್‌ಬ್ಯಾಕ್‌ಗೆ ಬೇಕು. ಪ್ರೀಸೀಸನ್ ಪಂದ್ಯಗಳನ್ನೂ (ಸೀಸನ್‌ಗೆ ಮೊದಲಿನ ಅಭ್ಯಾಸ ಪಂದ್ಯ) 2021ರಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಿದರು. ಆಟಗಾರರ ಸಂಘದ ಜೊತೆಗಿನ 2011ರ ಒಪ್ಪಂದದಿಂದ ಪೂರ್ತಿ ರಕ್ಷಾಕವಚ ಹಾಕಿ ಮಾಡುವ ಅಭ್ಯಾಸವೂ ಸೀಸನ್ ಪೂರ್ತಿಗೆ 14 ಮಾತ್ರ. ಅದು ಆರೋಗ್ಯಕ್ಕೆ ಒಳ್ಳೆಯದೇ, ನನಗೂ ಒಪ್ಪಿಗೆ. ಆದರೆ ಹಿಂದೆ ಕೂತವನಿಗೆ ಕಲಿಯುವ ಜಾಗ ಎಲ್ಲಿ ಉಳಿಯಿತು?

ಫಿಜಿಯೋ_ಅಕ್ಕ:
ನಾನು ಫಿಸಿಯೋಥೆರಪಿಸ್ಟ್, ಅಮೆರಿಕದಲ್ಲೇ ಕೆಲಸ. ಎಲ್ಲರೂ ಆಟ, ದುಡ್ಡು ಅಂತೀರಿ, ಮೈ ಬಗ್ಗೆ ಯಾರೂ ಮಾತಾಡಲಿಲ್ಲ.

ಬೇಸ್‌ಬಾಲ್‌ನವರು ವರ್ಷಕ್ಕೆ 162 ಪಂದ್ಯ ಆಡಬಹುದು, ಇದು ಹಾಗಲ್ಲ. ಯುಎಫ್‌ಎಲ್ ಫೈನಲ್ ಜೂನ್ ಮಧ್ಯದಲ್ಲಿ. ಎನ್‌ಎಫ್‌ಎಲ್ ಶಿಬಿರ ಜುಲೈ ಕೊನೆಗೆ. ನಡುವೆ ಆರು ವಾರ. ಹತ್ತು ಪಂದ್ಯ ಆಡಿದ ಮೈಗೆ ಆರು ವಾರ ಸಾಲದು. ಮೊಣಕಾಲಿನ ಊತ ಇಳಿದಿದೆ ಅಂದರೆ ಸ್ನಾಯು ಬಲ ವಾಪಸ್ ಬಂತು ಅಂತಲ್ಲ. ನಮ್ಮಲ್ಲಿಗೆ ಬರುವ ಹುಡುಗರು ಮೆಟ್ಟಿಲು ಇಳಿಯುವಾಗ ಒಂದು ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಕಾಲು ಇಡುತ್ತಾ ಬರುತ್ತಾರೆ. ವಯಸ್ಸು ಕೇಳಿದರೆ 25. ತಲೆಗೆ ಬೀಳುವ ಪೆಟ್ಟು ಬೇರೆ.

ಲೀಗ್ ಬೇಡ ಅಂತಲ್ಲ. ಹಿಂದಿನ ಸೀಸನ್‌ನಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಆಡಿದವರನ್ನು ಕಳಿಸಬಾರದು ಅಂತ ನಿಯಮ ಇರಲಿ. ಅಲ್ಲಿ ಪೆಟ್ಟಾದರೆ ಚಿಕಿತ್ಸೆಯ ಪೂರ್ತಿ ಖರ್ಚು ಕಳಿಸಿದ ತಂಡದ್ದೇ ಆಗಲಿ. ಇವೆರಡು ಇಲ್ಲದಿದ್ದರೆ ನನ್ನ ಬೆಂಬಲ ಇಲ್ಲ.

ಕೊಲಂಬಸ್_ಕನ್ನಡಿಗ:
ಅಕ್ಕ, ಎರಡೂ ಒಪ್ಪಿದೆ. ನನ್ನ ಮೊದಲ ಪೋಸ್ಟ್‌ನಲ್ಲೇ ಇದು ಇರಬೇಕಿತ್ತು.

ಸೇಂಟ್‌ಲೂಯಿಸ್_ಸುಮಾ:
ಇಷ್ಟು ಹೊತ್ತಾದರೂ ನಮ್ಮ ಸೇಂಟ್ ಲೂಯಿಸ್ ತಂಡ ಬ್ಯಾಟಲ್‌ಹಾಕ್ಸ್ ಹೆಸರು ಯಾರೂ ಸರಿಯಾಗಿ ಎತ್ತಲಿಲ್ಲ! 2016ರಲ್ಲಿ ರ್‍ಯಾಮ್ಸ್ ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಈ ಊರು ಹೇಗಿತ್ತು ಅಂತ ನಮಗೆ ಗೊತ್ತು. ಮಗಳ ಕೋಣೆಯ ಗೋಡೆಯಿಂದ ಪೋಸ್ಟರ್ ಕಿತ್ತಾಗ ಬಣ್ಣವೂ ಕಿತ್ತು ಬಂತು, ಅದು ಈಗಲೂ ಹಾಗೇ ಇದೆ. 2023ರಲ್ಲಿ ಬ್ಯಾಟಲ್‌ಹಾಕ್ಸ್ ಮೊದಲ ತವರು ಪಂದ್ಯಕ್ಕೆ 38 ಸಾವಿರ ದಾಟಿ ಜನ ಬಂದರು. ಇಡೀ ಡೋಮ್ "ಕಾ-ಕಾ" ಅಂತ ಹಕ್ಕಿಯ ಹಾಗೆ ಕೂಗುತ್ತದೆ. ಪಂದ್ಯಕ್ಕೆ ಮೊದಲು ಪಾರ್ಕಿಂಗ್ ಜಾಗದಲ್ಲಿ ನಾವು ಏಳು ಕುಟುಂಬ ಸೇರುತ್ತೇವೆ. ಬಾರ್ಬೆಕ್ಯೂ ಪಕ್ಕದಲ್ಲೇ ನಮ್ಮ ಪುಳಿಯೋಗರೆ ಡಬ್ಬಿ. ಪಕ್ಕದ ಟ್ರಕ್‌ನವರು ಈಗ ಬಂದ ತಕ್ಷಣ ಕೇಳೋದು "ಪುಳಿ ತಂದಿದ್ದೀರಾ" ಅಂತ.

ಎನ್‌ಎಫ್‌ಎಲ್ ಇಲ್ಲದ ಊರುಗಳಿಗೆ ಇದೇ ದೊಡ್ಡ ಆಟ. ಕಿರಿಯರ ಲೀಗ್ ಅಂತ ಕರೆದರೂ ನಮಗೆ ಕಿರಿದಲ್ಲ.

ಹುಬ್ಬಳ್ಳಿ_ಮಂದಿ:
ಪುಳಿಯೋಗರೆ ಒಣ ಪುಡಿದೋ, ಗೊಜ್ಜು ಮಾಡಿದ್ದೋ?

ಸೇಂಟ್‌ಲೂಯಿಸ್_ಸುಮಾ:
ಗೊಜ್ಜು ರೀ. ಹಿಂದಿನ ದಿನವೇ ಕಾಯಿಸಿ ಇಟ್ಟಿರುತ್ತೇನೆ. ಪುಡಿ ಹಾಕಿದ್ದು ಮಧ್ಯಾಹ್ನಕ್ಕೆ ಒಣಗಿ ಹೋಗುತ್ತದೆ.

ಮಲೆನಾಡ್_ಮಿಶಿಗನ್:
ಸುಮಾ ಮೇಡಂ, ನಿಮ್ಮ ತಂಡ ಉಳಿಯಿತು. ನಮ್ಮ ಪ್ಯಾಂಥರ್ಸ್ 2025ರಲ್ಲಿ ಫೈನಲ್‌ವರೆಗೆ ಹೋಯಿತು, ಡಿಸಿ ಡಿಫೆಂಡರ್ಸ್ ವಿರುದ್ಧ 58-34ರಲ್ಲಿ ಸೋತಿತು. 2026ರ ಪಟ್ಟಿ ನೋಡಿದರೆ ತಂಡವೇ ಇಲ್ಲ. ಮೆಂಫಿಸ್, ಸ್ಯಾನ್ ಆಂಟೋನಿಯೋ ಕೂಡ ಇಲ್ಲ. ಕೊಲಂಬಸ್, ಲೂಯಿವಿಲ್, ಒರ್ಲ್ಯಾಂಡೊ ಬಂದಿವೆ. ಖಾಸಗಿ ದುಡ್ಡಿನ ಲೀಗ್‌ನಲ್ಲಿ ಇದೇ ತೊಂದರೆ, ಈ ವರ್ಷ ಇದ್ದ ಊರು ಮುಂದಿನ ವರ್ಷ ಇರುವುದಿಲ್ಲ. ಎಎಎಫ್ ಅನ್ನುವ ಖಾಸಗಿ ಲೀಗ್ ನೆನಪಿದೆಯಾ? ಜನ ನೋಡಲಿಲ್ಲ, ಮುಳುಗಿತು.

ಲೆಕ್ಕದ_ಮೇಷ್ಟ್ರು:
ಸಣ್ಣ ತಿದ್ದುಪಡಿ. ಎಎಎಫ್ ಮುಳುಗಿದ್ದು ಜನ ನೋಡದೆ ಅಲ್ಲ, ದುಡ್ಡು ನಿಂತು. 2019ರ ಫೆಬ್ರವರಿ 9ಕ್ಕೆ ಶುರು. 25 ಕೋಟಿ ಡಾಲರ್ ಹಾಕುತ್ತೇನೆ ಅಂತ ಬಂದ ಟಾಮ್ ಡಂಡನ್ ಅವರಿಗೆ ಎನ್‌ಎಫ್‌ಎಲ್‌ನ ಪ್ರಾಕ್ಟೀಸ್ ಸ್ಕ್ವಾಡ್ ಹುಡುಗರು ಬೇಕಿತ್ತು. ಆಟಗಾರರ ಸಂಘ ಒಪ್ಪಲಿಲ್ಲ. ಹತ್ತು ವಾರದ ಸೀಸನ್, ಎಂಟು ವಾರಕ್ಕೆ ಏಪ್ರಿಲ್ 2ರಂದು ನಿಂತಿತು. ಕೆಲವು ಆಟಗಾರರು ಊರಿಗೆ ಹೋಗುವ ವಿಮಾನದ ಟಿಕೆಟ್ ತಾವೇ ಕೊಳ್ಳಬೇಕಾಯಿತು.

ಹಾಗಾಗಿ ಅಡ್ಡಿ ಇರುವುದು ಎರಡು ಕಡೆ, ಮಾಲೀಕರ ಜೇಬು ಮತ್ತು ಸಂಘದ ಸಹಿ.

ಮೊದಲು ಜೇಬು. ಗ್ರೀನ್ ಬೇ ಪ್ಯಾಕರ್ಸ್ ಮಾತ್ರ ಲೆಕ್ಕ ಬಹಿರಂಗ ಮಾಡುವ ತಂಡ, ಯಾಕೆಂದರೆ ಅದು ಊರಿನವರ ಷೇರಿನ ತಂಡ. 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲೀಗ್‌ನ ಹಂಚಿಕೆಯಿಂದ ಬಂದದ್ದು 43.26 ಕೋಟಿ ಡಾಲರ್. ಎಲ್ಲ ತಂಡಕ್ಕೂ ಅಷ್ಟೇ ಬರುತ್ತದೆ. ಯುರೋಪ್ ಲೀಗ್‌ನ 3 ಕೋಟಿ ನಷ್ಟವನ್ನು 32 ತಂಡಕ್ಕೆ ಹಂಚಿದರೆ ತಲಾ 10 ಲಕ್ಷ ಡಾಲರ್‌ಗಿಂತ ಕಡಿಮೆ. ಇವತ್ತು ಅದರ ಮೂರು ಪಟ್ಟು ಆದರೂ 30 ಲಕ್ಷ ದಾಟುವುದಿಲ್ಲ. 2025ರಲ್ಲಿ ಹೊಸ ಆಟಗಾರನ ಕನಿಷ್ಠ ಸಂಬಳವೇ 8,40,000 ಡಾಲರ್. ಅಂಥ ನಾಲ್ಕು ಜನರ ಸಂಬಳಕ್ಕಿಂತ ಕಡಿಮೆ. ದುಡ್ಡಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ರಾತ್ರಿಪಾಳಿ_ಬೆಂಗಳೂರು:
ದುಡ್ಡಿಲ್ಲ ಅಂತ ನಾನು ಹೇಳಿಲ್ಲ ಮೇಷ್ಟ್ರೇ. ಯಾಕೆ ಕೊಡಬೇಕು ಅಂತ ಕೇಳಿದ್ದು. ಕಿಕ್‌ಆಫ್ (ಆಟ ಶುರು ಮಾಡುವ ಒದೆತ) ನಿಯಮ ನೋಡಿ. 2020ರಲ್ಲಿ ಎಕ್ಸ್‌ಎಫ್‌ಎಲ್ ಅನ್ನುವ ಖಾಸಗಿ ಲೀಗ್ ಪ್ರಯೋಗ ಮಾಡಿತು, 2024ರಲ್ಲಿ ಎನ್‌ಎಫ್‌ಎಲ್ ಅದನ್ನೇ ಸ್ವಲ್ಪ ತಿದ್ದಿ ತೆಗೆದುಕೊಂಡಿತು. ಆಟಗಾರರೂ ಬರುತ್ತಾರೆ, ನಿಯಮಗಳೂ ಬರುತ್ತವೆ, ಯಾರದೋ ಖರ್ಚಿನಲ್ಲಿ. ನಾಲ್ಕು ತಂಡ ಸೇರಿ ಒಂದು ಕಿರಿಯ ತಂಡ ನಡೆಸಿದರೆ ತಮ್ಮ ಆಟದ ಗುಟ್ಟು ಪಕ್ಕದವರಿಗೆ ಹೋಗುತ್ತದೆ ಅನ್ನುವ ಭಯ ಬೇರೆ.

ಡಲ್ಲಾಸ್_ದಾವಣಗೆರೆ:
ಗುಟ್ಟಿನ ಮಾತು ಬಿಡಿ. ಪಂದ್ಯದ ಪೂರ್ತಿ ವಿಡಿಯೋ ಎಲ್ಲ ತಂಡಕ್ಕೂ ಸಿಗುತ್ತದೆ. ಕೋಚ್‌ಗಳು ವರ್ಷ ವರ್ಷ ತಂಡ ಬದಲಾಯಿಸುತ್ತಾರೆ. ಯುರೋಪಿನಲ್ಲಿ ಬೇರೆ ಬೇರೆ ತಂಡದ ಹುಡುಗರು ಒಟ್ಟಿಗೇ ಆಡಿದರಲ್ಲ, ಯಾವ ಗುಟ್ಟು ಹೋಯಿತು?

ಹಾಸನದ_ಹೈದ:
ಇನ್ನೊಂದು ಅನುಮಾನ. ಕಾಲೇಜೇ ಬೇಡ, 18ಕ್ಕೇ ನೇರ ಎನ್‌ಎಫ್‌ಎಲ್‌ಗೆ ಹೋಗ್ತೀನಿ ಅಂದರೆ?

ಲೆಕ್ಕದ_ಮೇಷ್ಟ್ರು:
ಆಗಲ್ಲ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು. ಕೊಲಂಬಸ್‌ನವರಿಗೆ ಈ ಕಥೆ ಚೆನ್ನಾಗಿ ಗೊತ್ತಿರುತ್ತದೆ.

ಕೊಲಂಬಸ್_ಕನ್ನಡಿಗ:
ಗೊತ್ತಿಲ್ಲದೆ ಏನು! ಮೋರಿಸ್ ಕ್ಲಾರೆಟ್. 2002ರಲ್ಲಿ ಮೊದಲ ವರ್ಷದ ಹುಡುಗ, ಓಹಾಯೊ ಸ್ಟೇಟ್‌ಗೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ. ಆಮೇಲೆ ಕಾಲೇಜು ಆಡದಂತೆ ಅಮಾನತು ಮಾಡಿತು, ಎನ್‌ಎಫ್‌ಎಲ್ ವಯಸ್ಸಿನ ನಿಯಮ ತೋರಿಸಿತು. ಕೋರ್ಟಿಗೆ ಹೋದ. 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದ, ಮೇಲಿನ ಕೋರ್ಟಿನಲ್ಲಿ ಸೋತ. 2005ರಲ್ಲಿ ಡೆನ್ವರ್ ಮೂರನೇ ಸುತ್ತಿನಲ್ಲಿ ಆರಿಸಿಕೊಂಡಿತು, ಆದರೆ ಒಂದೂ ಪಂದ್ಯ ಆಡಲಿಲ್ಲ. ಎರಡು ವರ್ಷ ಆಟವೇ ಇಲ್ಲದೆ ಕೂತ ಮೈ ಅದು. ಅವನ ತಪ್ಪುಗಳೂ ಇದ್ದವು, ನಾನು ಇಲ್ಲ ಅನ್ನಲ್ಲ. ಆದರೆ ಆ ಎರಡು ವರ್ಷ ಆಡಲು ಒಂದು ಜಾಗ ಇದ್ದಿದ್ದರೆ ಅಂತ ಈ ಊರಿನಲ್ಲಿ ಈಗಲೂ ಜನ ಮಾತಾಡುತ್ತಾರೆ.

ಫಿಜಿಯೋ_ಅಕ್ಕ:
18ರ ಹುಡುಗರನ್ನು 26ರ ಲೈನ್‌ಮನ್ ಎದುರು ನಿಲ್ಲಿಸೋದಕ್ಕೆ ಮಾತ್ರ ನಾನು ಒಪ್ಪಲ್ಲ. ಆ ಮೂರು ವರ್ಷದ ನಿಯಮ ಇರಲಿ.

ಲೆಕ್ಕದ_ಮೇಷ್ಟ್ರು:
ಸಂಘದ ಸಹಿ ಅಂದೆನಲ್ಲ, ಅದನ್ನು ಹೇಳದೆ ಬಿಟ್ಟಿದ್ದೆ. ಈಗಿನ ಒಪ್ಪಂದ 2030ರ ಸೀಸನ್‌ವರೆಗೆ. ಮಾಲೀಕರಿಗೆ ವರ್ಷಕ್ಕೆ 17 ಸಾಲದು, 18 ಪಂದ್ಯ ಬೇಕು. ಅದು ಸಂಘ ಒಪ್ಪದೆ ಆಗುವುದಿಲ್ಲ. ಸಂಘದ ಕೈ ಮೇಲಿರುವುದು ಆಗ ಮಾತ್ರ. 18ನೇ ಪಂದ್ಯ ಕೊಡುತ್ತೇವೆ, ಬದಲಿಗೆ ಎಂಟು ತಂಡಗಳ ಲೀಗ್ ಶುರು ಮಾಡಿ, ಆ ಆಟಗಾರರನ್ನೂ ಸಂಘಕ್ಕೆ ಸೇರಿಸಿ, ಫಿಜಿಯೋ ಅಕ್ಕ ಹೇಳಿದ ಎರಡು ಷರತ್ತು ಬರೆಯಿರಿ ಅಂತ ಕೇಳಬೇಕು. ರಾತ್ರಿಪಾಳಿಯವರ ಪ್ರಶ್ನೆಗೂ ಇದೇ ಉತ್ತರ. ಒಳ್ಳೆಯದು ಅಂತ ಮಾಲೀಕರು ಕೊಡುವುದಿಲ್ಲ. ಬೇರೇನೋ ಬೇಕಾದಾಗ ಕೊಡುತ್ತಾರೆ.

ರಾತ್ರಿಪಾಳಿ_ಬೆಂಗಳೂರು:
18ನೇ ಪಂದ್ಯಕ್ಕೆ ಬದಲಾಗಿ ಅಂದರೆ ನಾನೂ ಕೈ ಎತ್ತುತ್ತೇನೆ. ಆದರೆ ಸಂಘ ಅದನ್ನು ಕೇಳುವುದಿಲ್ಲ ನೋಡಿ. ಈಗ ಆಡುತ್ತಿರುವವರು ತಮ್ಮ ಸಂಬಳ ಜಾಸ್ತಿ ಮಾಡಿ ಅಂತ ಕೇಳುತ್ತಾರೆ. ಹೊರಗಿರುವ ಹುಡುಗನಿಗೆ ಮತ ಇಲ್ಲ.

ಕೊಲಂಬಸ್_ಕನ್ನಡಿಗ:
ಇಡೀ ಚರ್ಚೆಯಲ್ಲಿ ನನಗೆ ಉತ್ತರ ಸಿಗದ ಮಾತು ಇದೊಂದೇ. ಮಗನ ಕೋಚ್‌ಗೆ ಕೇಳಿ ನೋಡುತ್ತೇನೆ, ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇದ್ದಾಗ ಅವರ ಮಾತು ಸಂಘದಲ್ಲಿ ಎಷ್ಟು ನಡೆಯುತ್ತಿತ್ತು ಅಂತ. ಕೇಳಿ ಇಲ್ಲೇ ಬರೆಯುತ್ತೇನೆ.

ಹಾಸನದ_ಹೈದ:
ಬೇಟ್ಸ್ ವಿಡಿಯೋ ಸಿಕ್ಕಿತು. ಎರಡು ಒದೆತವನ್ನೂ ನೋಡಿದೆ, ಅಮ್ಮನಿಗೂ ತೋರಿಸಿದೆ. ಮಿಶಿಗನ್ ಅಣ್ಣಾ, ನಿಮ್ಮ ಮಾವ ಯಾವ ಕಡೆ ಕೂತಿದ್ದರು? ಜನರ ಮಧ್ಯೆ ಹುಡುಕ್ತಾ ಇದ್ದೀನಿ.